ಒಂದು ಐದು ಮೂರು ಆರು ಎರಡು ನಾಲ್ಕು

ಬೆನಲ್ಲಾ ಊರಿನಾಚೆ, ಗೋಧಿ ಗೋದಾಮಿನ ಹಿಂದೆ
ತಗಡಿನ ಶೆಡ್ಡು. ಶನಿವಾರ ಬೆಳಗ್ಗೆ ಏಳಕ್ಕೆ
ಡಾಟ್ ಪೆಂಗೆಲಿ ಬೀಗ ತೆಗೆಯುತ್ತಾಳೆ.
ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಕೈ.
ಪದ್ಮಾಕ್ಷಿ ಅನ್ನಲು ನಾಲಿಗೆ ಹೊರಳದೆ
ಮೊದಲ ದಿನವೇ ನನ್ನನ್ನು ಪ್ಯಾಡಿ ಅಂದಳು.
ಅದು ಐರಿಷ್ ಗಂಡಸರ ಹೆಸರೆಂದು ಆಮೇಲೆ ತಿಳಿಯಿತು.
ಇರಲಿ. ಲಾರಿಯಡಿ ಮಲಗಿದವರಿಗೆ ಹೆಸರೇನು,
ಕಾಣುವುದು ಬರೀ ಬೂಟು.

ನಲವತ್ತೆರಡನೇ ಇಸವಿಯ ಲಾರಿ.
ಬ್ಲಿಟ್ಜ್ ಅನ್ನುತ್ತಾರೆ ಇಲ್ಲಿ. ಗಿಡ್ಡ ಮೂತಿ,
ಮುಂಗಾಜು ಕೆಳಮುಖವಾಗಿ ಓರೆ,
ತನ್ನ ಕಾಲನ್ನೇ ನೋಡಿಕೊಳ್ಳುವ ಹಾಗೆ.
ಗೇರಿನ ಕೋಲು ಪಕ್ಕೆಗಿಂತ ಹಿಂದೆ;
ಬೆನ್ನು ತುರಿಸಿಕೊಂಡಂತೆ ಕೈ ತಿರುವಬೇಕು,
ಕ್ಲಚ್ಚು ಎರಡು ಸಲ ತುಳಿಯಬೇಕು.
ತಪ್ಪಿದರೆ ಹಲ್ಲು ಕಡಿಯುತ್ತದೆ
ಊರಿಗೆಲ್ಲ ಕೇಳುವಂತೆ.

ವಾರವಿಡೀ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು ನಾನು.
ಉಸಿರು ಹಿಡೀರಿ. ಅಲುಗಬೇಡಿ. ಈಗ ಬಿಡಿ.
ಮುರಿದದ್ದನ್ನು ತೋರಿಸುವುದಷ್ಟೇ ಕೆಲಸ,
ಕೂಡಿಸುವವರು ಬೇರೆ.
ಅದಕ್ಕೇ ಬಂದೆನೇನೋ ಇಲ್ಲಿಗೆ.

ಎಡಗಡೆ ಸ್ಪ್ರಿಂಗಿನ ನಟ್ಟೊಂದು
ಜಪ್ಪಯ್ಯ ಅಂದರೂ ಬಿಡಲಿಲ್ಲ.
ಎಣ್ಣೆ ಕುಡಿಸಿದೆವು, ಬೆಂಕಿ ತೋರಿಸಿದೆವು, ಬೈದೆವು,
ಅವಳು ಅವಳ ಭಾಷೆಯಲ್ಲಿ, ನಾನು ನನ್ನದರಲ್ಲಿ.
ನಾಲ್ಕನೇ ಶನಿವಾರ
ಕನ್ನಡಕ್ಕೇ ಕಿರ್ರೆಂದು ತಿರುಗಿತು.
ಅದೇನಂದೆ, ಬರೆದುಕೊಡು ಅಂದಳು ಡಾಟ್.
ಬರೆದುಕೊಡುವಂಥದ್ದಲ್ಲ ಅದು.

ಪೆಟ್ರೋಲ್ ಪಂಪು ಹೊಸದು ತರಿಸಿದೆವು, ಕೂರಲಿಲ್ಲ.
ಹಳೇ ಗಂಡನ ಪಾದವೇ ಗತಿ ಎಂದು
ಹಳತನ್ನೇ ಬಿಚ್ಚಿ, ಒಳಗಿನ ಪೊರೆ ಕತ್ತರಿಸಿ ಹೊಲಿಸಿದಂತೆ ಕೂರಿಸಿದೆವು.

ಚಕ್ರದ ಹೊರಸುತ್ತಿನ ನಟ್ಟುಗಳಿಗೆ ಕೆಂಪು ಬಳಿದಿದೆ.
ಗಾಳಿಯಿರುವಾಗ ಅವನ್ನು ಮುಟ್ಟಬೇಡ,
ರಿಮ್ಮು ಎರಡಾಗಿ ಹಾರುತ್ತದೆ,
ಎಂದಷ್ಟೇ ಹೇಳಿ ಬೇರೆ ಮಾತಿಗೆ ಹೋದಳು.
ಗೋಡೆಯ ಹಲಗೆಯಲ್ಲಿ ಸ್ಪ್ಯಾನರುಗಳ ಮೇಲೆ
ರೆಜ್ ಪೆಂಗೆಲಿ ಅಂತ ಕೊರೆದಿದೆ.
ಯಾರೆಂದು ನಾನು ಕೇಳಿಲ್ಲ.

ಬಾಗಿಲು ಉಜ್ಜಿದಾಗ ಮೇಲೆ ಹಳದಿ,
ಅದರಡಿ ಕೆಂಪು, ಅದರಡಿ ಪಾಚಿಹಸಿರು.
ಯುದ್ಧಕ್ಕೆ ಹೋಗಿತ್ತೆಂದೇ ನಂಬಿದ್ದೆವು,
ಯಾವುದಾದರೂ ಸಂದಿಯಲ್ಲಿ
ನ್ಯೂಗಿನಿಯ ಕೆಸರು ಸಿಕ್ಕೀತೆಂದು ಚಾಕುವಿನಲ್ಲಿ ಕೆದಕಿದ್ದೆವು.
ಮೊನ್ನೆ ಸೇನೆಯ ದಾಖಲೆ ಬಂತು.
ಒಂದು ಡಿಪೋದಿಂದ ಇನ್ನೊಂದಕ್ಕೆ ಮೂರು ವರ್ಷ.
ಆಲೂಗಡ್ಡೆ, ಕಂಬಳಿ, ಬೂಟು.
ಒಂದು ಗುಂಡಿನ ಸದ್ದೂ ಕೇಳಿಲ್ಲ.
ಡಾಟ್ ಚಹಾ ಆರುವವರೆಗೂ ಸುಮ್ಮನಿದ್ದಳು.

ಆದರೆ ಮಡ್‌ಗಾರ್ಡಿನ ಒಳಮೈಯಲ್ಲಿ
ಕೆಂಪು ಬಣ್ಣ ಗುಳ್ಳೆಯೆದ್ದಿದೆ.
ಸುಟ್ಟ ಮೈ ಎಷ್ಟು ನೋಡಿಲ್ಲ ನಾನು.
ವೆಲ್ಡಿಂಗಿನ ಕಲೆಯಲ್ಲ ಡಾಟ್, ಅಂದೆ,
ಇದು ನೆಲದಿಂದ ಎದ್ದು ಬಂದ ಬೆಂಕಿ.
ನೀರಿನ ಟ್ಯಾಂಕು ಹೊತ್ತು ಯಾವುದೋ ಬೇಸಿಗೆಯಲ್ಲಿ
ಕಾಡ್ಗಿಚ್ಚಿನೊಳಗೆ ಹೋಗಿ ಬಂದಿದೆ.
ಅದಕ್ಕೆ ಯಾರೂ ಕಾಗದ ಬರೆದಿಟ್ಟಿಲ್ಲ.

ಏಪ್ರಿಲ್ ಮೆರವಣಿಗೆಗೆ ಹಸಿರೇ ಬೇಕು ಅನ್ನುತ್ತಾರೆ ಕ್ಲಬ್ಬಿನವರು.
ಹಸಿರೇ ಸರಿ ಅನ್ನುತ್ತಾಳೆ ಡಾಟ್ ಕೂಡ.
ಕೆಂಪಿನ ಡಬ್ಬಿಯೊಂದು ಬೆಂಚಿನಡಿ ಬಂದು ಕೂತಿದೆ,
ನನಗೆ ಕಾಣುವಷ್ಟು ಮರೆಯಲ್ಲಿ.

ಇವತ್ತು ಪ್ಲಗ್ಗಿನ ತಂತಿ ಜೋಡಿಸಿದೆ,
ಉರಿಯುವ ಸರದಿ ಮಗ್ಗಿಯಂತೆ ಬಾಯಲ್ಲಿ:
ಒಂದು ಐದು ಮೂರು ಆರು ಎರಡು ನಾಲ್ಕು.
ಹ್ಯಾಂಡಲ್ಲಿಗೆ ಹೆಬ್ಬೆರಳು ಸುತ್ತಬೇಡ ಪ್ಯಾಡಿ,
ಒದ್ದು ಮಣಿಕಟ್ಟು ಮುರಿದರೆ
ಸೋಮವಾರ ನಿನ್ನ ಎಕ್ಸ್‌ರೇ ಯಾರು ತೆಗೆಯುತ್ತಾರೆ?

ಮೊದಲ ಸುತ್ತಿಗೆ ನಿಟ್ಟುಸಿರು. ಎರಡನೆಯದಕ್ಕೆ ಕೆಮ್ಮು.
ಮೂರನೆಯದಕ್ಕೆ ಶೆಡ್ಡಿನ ತಗಡೆಲ್ಲ ನಡುಗಿ,
ತೊಲೆಯ ಮೇಲಿದ್ದ ಪಾರಿವಾಳ ಹೊರಗೆ ಹಾರಿ,
ಹೊಗೆಯೊಳಗಿಂದ ಕೇಳಿಸಿತು:
ಒಂದು ಐದು ಮೂರು ಆರು ಎರಡು
ಒಂದು ಐದು ಮೂರು ಆರು ಎರಡು

ಉಸಿರು ಹಿಡಿದು, ಅಲುಗದೆ,
ಇಬ್ಬರೂ ಕಿವಿಗೊಟ್ಟು ನಿಂತೆವು
ಬಾರದ ಆ ನಾಲ್ಕಕ್ಕೆ.